ಕೌಶಲ್ಯದ ಮನೆ

ಗೈಡ್ ಸರ್ ಕೊಟ್ಟ ಫಾರ್ಮಿನಲ್ಲಿ ಐದು ಮನೆ:
ಹೆಸರು, ರಿಜಿಸ್ಟರ್ ನಂಬರು, ಊರು, ಹಿನ್ನೆಲೆ,
ಕೊನೆಯದು ಕೌಶಲ್ಯ. ಅದಕ್ಕೆ ಬೆರಳಗಲ ಜಾಗ.
'ಎರಡರೊಳಗ ತುಂಬಿ ಇಡ್ರಿ' ಅಂದು ಊಟಕ್ಕೆ ಹೋದರು.
ಅಕ್ಷರ ದುಂಡಗಿದೆ ಅಂತ ಪೆನ್ನು ನನ್ನ ಕೈಗೆ ಬಂತು.

ಮರೆಪ್ಪ, ಶಹಾಬಾದ. ಹಿನ್ನೆಲೆ?
'ಕಲ್ಲು ಅಂತ ಬರಿ' ಅಂದ. ಬರೆದೆ.
ಅವರಪ್ಪ ಖಣಿಯಲ್ಲಿ ಪರಸಿ ಎಬ್ಬಿಸುವವ.
ಉಳಿ ಇಡುವ ಮೊದಲು ಗೆಣ್ಣಿನಿಂದ ತಟ್ಟಿ ಕೇಳುತ್ತಾನಂತೆ,
ಒಳಗೆ ಬಿರುಕಿದ್ದರೆ ಕಲ್ಲೇ ಹೇಳುತ್ತದಂತೆ.
ಪ್ಯಾನೆಲ್ಲಿನಲ್ಲಿ ಸಡಿಲಾದ ಬೋಲ್ಟನ್ನು
ಮಗ ಹೀಗೇ ತಟ್ಟಿ ಹಿಡಿದ,
ನಾವಿನ್ನೂ ಮೀಟರಿನ ಸೆಲ್ಲು ಹುಡುಕುತ್ತಿದ್ದೆವು.
ಕೌಶಲ್ಯ: ಫ್ಯಾಬ್ರಿಕೇಷನ್.

ಭಾಗ್ಯವಂತಿ, ಅಫಜಲಪುರದ ಕಡೆಯವಳು, ಈಗ ಬ್ರಹ್ಮಪುರ.
ತಾಯಿ ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ.
ಇವಳ ಕೋಡೂ ಹಾಗೇ: ಒಂದು ಸಾಲು, ತಟ್ಟು, ತಿರುವು,
ಅಂಚು ಹರಿದರೆ ಮುದ್ದೆ ಮಾಡಿ ಮತ್ತೆ ಮೊದಲಿಂದ.
ಫೇಜ್ ಹೋದ ಮೇಲೆ ಎಷ್ಟು ಹೊತ್ತು ಕಾಯಬೇಕೆಂದು
ನಾವು ಲೈಬ್ರರಿಯಲ್ಲಿ ಪುಟ ತಿರುವುತ್ತಿದ್ದರೆ
'ಹೊತ್ತೂಕಿನ ಮೊದಲ ಇಳಿಸಬೇಕು, ಅಷ್ಟೇ' ಅಂದು
ಎರಡೂವರೆ ಸೆಕೆಂಡು ಹಾಕಿಬಿಟ್ಟಳು.
ಅವಳಿಗೆ ಸ್ವಂತ ಲ್ಯಾಪ್‌ಟಾಪಿಲ್ಲ.
ಅದನ್ನು ಯಾವ ಮನೆಯಲ್ಲಿ ಬರೆಯಲಿ?

ಮೊಯಿಜ್. ಅಪ್ಪ ಲಾಡ್ಲೆಸಾಬ್, ಗಂಜಿನಲ್ಲಿ ವೈಂಡಿಂಗ್ ಅಂಗಡಿ.
ತೊಗರಿ ಸುಗ್ಗಿ ಬಂತೆಂದರೆ ದಾಲ್‌ಮಿಲ್ಲುಗಳಿಂದ
ಕೈಗಾಡಿಯ ಮೇಲೆ ಸುಟ್ಟ ಮೋಟಾರುಗಳ ದಿಬ್ಬಣ.
ಮೊಯಿಜ್ ಬಾಗಿಲಲ್ಲೇ ಮೂಗೆತ್ತಿ ಹೇಳುತ್ತಾನೆ
ವಾರ್ನಿಷು ಯಾವಾಗ ಕರಗಿತು, ನಿನ್ನೆಯೋ ಇವತ್ತೋ.
ಬಿಚ್ಚಿ ತೋರಿಸಿದ್ದ ನಮಗೆ ಒಂದನ್ನ:
'ನೋಡ್ರಿ, ಒಂದು ಫೇಜ್ ಹೋಗ್ಯಾದ,
ಉಳಿದೆರಡು ಅದರ ಭಾರನೂ ಹೊತ್ತು ಕರ್ರಗಾಗ್ಯಾವ.
ಬಿಟ್ಟು ಹೋದದ್ದು ಮಾತ್ರ ಹೊಸ ತಾಮ್ರ, ಕಲೆನೂ ಇಲ್ಲ.'

ಅದನ್ನು ತಡೆಯುವುದೇ ನಮ್ಮ ಪ್ರಾಜೆಕ್ಟು.
ಅಂಗೈಯಗಲದ ಬೋರ್ಡು, ಒಂದು ರಿಲೇ, ಮೂರು ದೀಪ:
ಕೆಂಪು, ಹಳದಿ, ನೀಲಿ.
ಪರೀಕ್ಷೆಗೆ ಜಾಗ ಕೊಟ್ಟವನೂ ಲಾಡ್ಲೆಸಾಬನೇ.
ಮೋಟಾರು ತಿರುಗುತ್ತಿರುವಾಗ ತಾನೇ ಫ್ಯೂಸು ಎಳೆದ.
ಗುಂಯ್ ಅಂತ ಗೊಣಗಿತು. ಹಳದಿ ಆರಿತು.
ಯಾರೂ ಉಸಿರು ಬಿಡಲಿಲ್ಲ.
ಟಕ್.
ಮುಟ್ಟಿ ನೋಡಿದ, ಬಿಸಿಯಿಲ್ಲ.
ಹೊಟ್ಟೆ ತುಂಬಾ ನಕ್ಕ: 'ಶಾಬ್ಬಾಸ್!
ನನ್ನ ಅಂಗಡಿ ಮುಚ್ಚೋ ಮಷೀನು
ನನ್ನ ಟೇಬಲ್ ಮ್ಯಾಲೇ ಮಾಡೀರಿ.'
ಚಹಾ ತರಿಸಿದ. ಬಶಿಯಲ್ಲಿ ಸುರುವಿ ಆರಿಸುತ್ತಾ
ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ:
'ಒಂದಕ್ಕ ಎಷ್ಟು ಬೀಳ್ತದ? ಹತ್ತು ಮಾಡಿಕೊಡ್ರಿ.
ನಾನೇ ಮಾರ್ತೀನಿ.'

ಈ ಮಾತೆಲ್ಲ ನಾನು ಮೊಯಿಜನ ಬಾಯಿಂದ ಕೇಳಿದ್ದು.
ಆ ಜನವರಿ ಪೂರ್ತಿ ನಾನು ಲೈನ್‌ಮನ್ ಪರೀಕ್ಷೆಯ
ಕೋಚಿಂಗಿನಲ್ಲಿ ಕೂತಿದ್ದೆ, ಯಾರಿಗೂ ಹೇಳದೆ.
ಅವರು ರಾತ್ರಿ ಹನ್ನೊಂದರವರೆಗೆ ಬೆಸುಗೆ ಹಾಕಿ
ಬೆರಳು ಸುಟ್ಟುಕೊಂಡಿದ್ದು ನಾನು ನೋಡಿಲ್ಲ.
ಮರಳಿ ಬಂದಾಗ ಬೈಯಲಿಲ್ಲ,
ವರದಿ ಟೈಪು ಮಾಡಲು ಕೊಟ್ಟರು.

ನಾಲ್ಕನೆಯ ಸಾಲು. ರೇವಣಸಿದ್ಧ, ಸೇಡಂ.
ಹಿನ್ನೆಲೆ: ಬಿಎಸ್ಸಿ ಮಾಸ್ತರನ ಮಗ.
ಕೊನೆಯ ಮನೆಯ ಮುಂದೆ ಪೆನ್ನು ನಿಂತಿತು.
ನನ್ನ ಬೆರಳು ನೋಡಿಕೊಂಡೆ,
ಹೊಸ ತಾಮ್ರ, ಕಲೆನೂ ಇಲ್ಲ.

ಮರೆಪ್ಪ ಬೆಂಚು ತಟ್ಟುತ್ತಿದ್ದ.
'ನ್ಯೂಟ್ರಲ್ ಅಂತ ಬರಿ ಇವನಿಗೆ' ಅಂದ ಮೊಯಿಜ್.
'ಎಲ್ಲಾ ಸರಿ ಇದ್ದಾಗ ಏನೂ ಹೊರೋದಿಲ್ಲ.'
ನಕ್ಕರು. ನಾನೂ ನಕ್ಕೆ.
ಭಾಗ್ಯವಂತಿ ಮಾತ್ರ ತಲೆಯೆತ್ತದೆ ಅಂದಳು:
'ತಪ್ಪಿದಾಗ ಹೊರ್ತದಲ್ಲ.'

ಕಾರಿಡಾರಿನಲ್ಲಿ ಸರ್ ಚಪ್ಪಲಿಯ ಸದ್ದು.
ವರದಿ ಲೇಖನ, ಅಂತ ಬರೆದೆ,
ದುಂಡಗೆ.